ಹ್ಯಾಂಬರ್ಗ್‌ನ ಧರ್ಮಪಾಠ ಮತ್ತು ನಮ್ಮ ಬಿ.ಎಡ್.

ಜರ್ಮನಿಯ ಶಾಲೆಗಳಲ್ಲಿ ಧರ್ಮಕ್ಕೂ ಅಂಕವಿದೆ ಎಂದು ಊರಿನಲ್ಲಿ ಹೇಳಿದರೆ ಹುಬ್ಬೇರಿಸುವವರೇ ಹೆಚ್ಚು. ಇಲ್ಲಿನ ಸಂವಿಧಾನದ 7ನೆಯ ವಿಧಿಯ ಪ್ರಕಾರ ಸರ್ಕಾರಿ ಶಾಲೆಯಲ್ಲಿ ಅದೊಂದು ನಿಯತ ವಿಷಯ. ಪಾಠವು ಆಯಾ ಧಾರ್ಮಿಕ ಸಮುದಾಯದ ತತ್ವಗಳಿಗೆ ಹೊಂದಿಕೊಂಡಿರಬೇಕು. ಆದರೆ ಮನಸ್ಸಿಲ್ಲದ ಶಿಕ್ಷಕರಿಂದ ಅದನ್ನು ಬಲವಂತವಾಗಿ ಮಾಡಿಸುವಂತಿಲ್ಲ.

ಬಹುತೇಕ ರಾಜ್ಯಗಳಲ್ಲಿ ಕ್ಯಾಥೊಲಿಕ್ ಮಕ್ಕಳು ಒಂದು ಕೋಣೆಗೆ, ಪ್ರೊಟೆಸ್ಟೆಂಟ್ ಮಕ್ಕಳು ಇನ್ನೊಂದಕ್ಕೆ ಹೋಗುತ್ತಾರೆ. ನಾನಿರುವ ಹ್ಯಾಂಬರ್ಗ್‌ನಲ್ಲಿ ಎಲ್ಲರಿಗೂ ಒಂದೇ ಕೋಣೆ. ಮೊದಲು ಇದರ ಹೊಣೆ ಪ್ರೊಟೆಸ್ಟೆಂಟ್ ಚರ್ಚಿನದು ಮಾತ್ರವಾಗಿತ್ತು. 2012ರಲ್ಲಿ ಮುಸ್ಲಿಂ ಸಂಘಟನೆಗಳು ಮತ್ತು ಅಲೆವಿಗಳ (ಟರ್ಕಿ ಮೂಲದ ಒಂದು ಧಾರ್ಮಿಕ ಸಮುದಾಯ) ಸಂಘಟನೆಯ ಜೊತೆ ನಗರ ಸರ್ಕಾರ ಒಪ್ಪಂದ ಮಾಡಿಕೊಂಡ ಮೇಲೆ ಅವರೂ, ಯೆಹೂದಿ ಸಮುದಾಯವೂ ಪಾಲುದಾರರಾದರು. ಹೀಗಾಗಿ ಅಲೆವಿ ಮನೆತನದ ಯುವತಿಯೊಬ್ಬಳು ಎಲ್ಲ ಧರ್ಮಗಳ ಮಕ್ಕಳು, ಯಾವ ಧರ್ಮವೂ ಬೇಡವೆನ್ನುವವರ ಮಕ್ಕಳು ಕುಳಿತ ತರಗತಿಗೆ ಪಾಠ ಮಾಡಬಹುದು. ಅದಕ್ಕೆ ಮುಂಚೆ ಅವಳು ವಿಶ್ವವಿದ್ಯಾಲಯದಲ್ಲಿ ತನ್ನ ಪರಂಪರೆಯನ್ನು ವಿಮರ್ಶೆಯ ಕಣ್ಣಿನಿಂದ ಓದಿರಬೇಕು, ಬೇರೆಯವರದನ್ನೂ ಅರಿತಿರಬೇಕು, ಆಮೇಲೆ ಶಾಲೆಯಲ್ಲಿ 18 ತಿಂಗಳು ಪಳಗಬೇಕು. ಈ ಗ್ರಂಥವನ್ನು ಯಾರು ವ್ಯಾಖ್ಯಾನಿಸಿದರು, ಆಗ ಹೆಂಗಸರು ಎಲ್ಲಿದ್ದರು ಎಂಬ ಪ್ರಶ್ನೆಗೆ ಇಲ್ಲಿನ ಪ್ರೊಟೆಸ್ಟೆಂಟ್ ಧರ್ಮಶಾಸ್ತ್ರ ವಿಭಾಗಗಳಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಜಗತ್ತಿನ ಮೊದಲ ಲೂಥರನ್ ಮಹಿಳಾ ಬಿಷಪ್ ಮಾರಿಯಾ ಯೆಪ್ಸೆನ್ 1992ರಲ್ಲಿ ಆಯ್ಕೆಯಾದದ್ದು ಇದೇ ಊರಿನಲ್ಲಿ.

ಹಾಗೆಂದು ನಾನು ಇದರ ಭಜನೆ ಮಾಡುತ್ತಿಲ್ಲ. ಶಿಕ್ಷಕರಿಗೆ ಸರ್ಕಾರದ ಪದವಿ ಸಾಲದು, ಧಾರ್ಮಿಕ ಸಂಸ್ಥೆಯ ಒಪ್ಪಿಗೆಯೂ ಬೇಕು. ಸಲಿಂಗಿ ಶಿಕ್ಷಕರು ಕ್ಯಾಥೊಲಿಕ್ ಚರ್ಚಿಗೆ ಹೆದರಿ ತಮ್ಮ ಬಾಳನ್ನು ಬಚ್ಚಿಟ್ಟುಕೊಂಡ ಕಾಲ ಬಹಳ ಹಿಂದಿನದಲ್ಲ. 2022ರ ಜನವರಿಯಲ್ಲಿ ಚರ್ಚಿನ ಕೆಲಸಗಳಲ್ಲಿದ್ದ 125 ಮಂದಿ ಒಟ್ಟಾಗಿ ತಮ್ಮ ಲೈಂಗಿಕ ಗುರುತಿನ ಬಗ್ಗೆ ಬಹಿರಂಗವಾಗಿ ಮಾತನಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಬಿಷಪ್‌ಗಳು ತಮ್ಮ ಉದ್ಯೋಗ ನಿಯಮವನ್ನು ಸಡಿಲಿಸಿದರು. ಅಂಥವರನ್ನೇ ಹೆದರಿಕೆಯಲ್ಲಿಟ್ಟು, ಲಿಂಗ ವೈವಿಧ್ಯವನ್ನು ತರಗತಿಯಲ್ಲಿ ಗೌರವಿಸಿ ಎಂದರೆ ಯಾರು ನಂಬುತ್ತಾರೆ? ಇನ್ನು ಹಿಂದೂಗಳು ಹೊಣೆಗಾರರ ಸಾಲಿನಲ್ಲೇ ಇಲ್ಲ. ನನ್ನ ಮಗಳ ನೋಟ್‌ಪುಸ್ತಕದ ಹಿಂದೂ ಧರ್ಮದಲ್ಲಿ ಗಂಗೆಯಿದೆ, ಹಸುವಿದೆ, ಜಾತಿಯಿದೆ. ನಮ್ಮ ಮನೆಯ ಗೌರಿಹಬ್ಬದ ಬಾಗಿನಕ್ಕೆ ಜಾಗ ಸಿಕ್ಕಿಲ್ಲ.

ಆದರೂ ಇಲ್ಲಿನ ಶಿಕ್ಷಕರು ತಮ್ಮ ನಂಬಿಕೆ ಯಾವುದೆಂದು ಮಕ್ಕಳ ಮುಂದೆ ಹೇಳಿಯೇ ಪಾಠಕ್ಕೆ ನಿಲ್ಲುತ್ತಾರೆ. ಕರ್ನಾಟಕದಲ್ಲಿ ನನಗೆ ಕಾಣದಿರುವುದು ಇದು. ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎನ್ನುತ್ತದೆ ನಮ್ಮ ಸಂವಿಧಾನದ 28ನೆಯ ವಿಧಿ. ಧರ್ಮಗಳ ಬಗ್ಗೆ ತಿಳಿಸಿಕೊಡುವುದಕ್ಕೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ನಾವು ಮಾಡಿಕೊಂಡದ್ದು ಎರಡಕ್ಕೂ ಹೊರತಾದ ಮೂರನೆಯ ದಾರಿ: ಪಠ್ಯದಲ್ಲಿ ಮೌನ, ಗೋಡೆಯ ಮೇಲೆ ಸರಸ್ವತಿಯ ಪಟ, ಶುಕ್ರವಾರ ಪೂಜೆ, ಮುಟ್ಟಾದ ಹುಡುಗಿ ಪಕ್ಕಕ್ಕೆ. ಇದೆಲ್ಲ ಧರ್ಮವೆಂದು ಮೇಷ್ಟ್ರಿಗೇ ಅನ್ನಿಸುವುದಿಲ್ಲ. ಇದು ಸಂಸ್ಕಾರವಲ್ಲವೇ ಎನ್ನುತ್ತಾರೆ.

ಬಿ.ಎಡ್. ಎರಡು ವರ್ಷದ್ದಾದಾಗ, 2014ರ ರಾಷ್ಟ್ರೀಯ ಚೌಕಟ್ಟಿನಲ್ಲಿ ಲಿಂಗ, ಶಾಲೆ ಮತ್ತು ಸಮಾಜದ ಬಗ್ಗೆ ಒಂದು ಪತ್ರಿಕೆ ಸೇರಿತು. ಒಳ್ಳೆಯದೇ. ಆದರೆ ಅದನ್ನು ವ್ಯಾಖ್ಯೆ ಬರೆದು ಅಂಕ ಗಿಟ್ಟಿಸುವ ಪತ್ರಿಕೆಯಾಗಿ ಓದಿ ಬಂದವರು ಸವದತ್ತಿ ತಾಲ್ಲೂಕಿನ ಶಾಲೆಗೆ ನೇಮಕವಾದರೆ ಏನು ಮಾಡಬೇಕು? ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಹತ್ತುವ, ಗಂಡಾಗಿ ಹುಟ್ಟಿ, ದೇವಿಗೆ ಮುಡಿಪಾಗಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟ ಜೋಗಪ್ಪನನ್ನು ಮಕ್ಕಳು ನೋಡಿಯೇ ಶಾಲೆಗೆ ಬಂದಿರುತ್ತಾರೆ. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು 1982ರ ಕಾನೂನು ನಿಷೇಧಿಸಿದೆ. ಅಜ್ಜಿಯೋ ಅತ್ತೆಯೋ ದೇವದಾಸಿಯಾಗಿದ್ದ ಮನೆಯ ಮಗುವೂ ಅದೇ ಬೆಂಚಿನಲ್ಲಿ ಕುಳಿತಿರಬಹುದು. ಒಂದೇ ದೇವಿಯ ಹೆಸರಿನಲ್ಲಿ ಒಬ್ಬರಿಗೆ ಬಾಳಲು ಜಾಗ ಸಿಕ್ಕಿತು, ಇನ್ನೊಬ್ಬರ ಬಾಳು ಹಾಳಾಯಿತು. ಇಷ್ಟು ತೊಡಕಿನ ಪಾಠ ಹ್ಯಾಂಬರ್ಗ್‌ನ ಯಾವ ತರಗತಿಗೂ ಬಂದಿರಲಾರದು. ಇದೇ ಪರಂಪರೆಯ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು, ಸರಿ. ಮಕ್ಕಳು ಅವರ ಬಗ್ಗೆ ಕೇಳಿದ್ದಕ್ಕೆ ಉತ್ತರ ಹೇಳುವುದನ್ನು ಶಿಕ್ಷಕರಿಗೆ ಯಾರು ಕಲಿಸಿದರು?

2022ರ ಫೆಬ್ರವರಿಯಲ್ಲಿ ಹಿಜಾಬ್ ತೆಗೆಸಲು ಗೇಟಿನಲ್ಲಿ ನಿಂತ ಶಿಕ್ಷಕರ ಕೈಯಲ್ಲೂ ಇದ್ದದ್ದು ಆದೇಶ ಮಾತ್ರ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2003ರಲ್ಲೂ 2015ರಲ್ಲೂ ತಲೆವಸ್ತ್ರದ ವಿಚಾರವನ್ನು ತೂಗಿ ನೋಡಿತು. ಆ ಎರಡೂ ಸಲ ಪ್ರಶ್ನೆಯಿದ್ದದ್ದು ಶಿಕ್ಷಕಿಯ ಉಡುಪಿನದು. ನಮ್ಮಲ್ಲಿ ಭಾರವೆಲ್ಲ ಹದಿಹರೆಯದ ಹುಡುಗಿಯರ ತಲೆಯ ಮೇಲೆ ಬಿತ್ತು.

ಜರ್ಮನಿಯ ಧರ್ಮಪಾಠವನ್ನು ಹಾಗೆಯೇ ಇಳಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಯಾವ ಮಠದ ಒಪ್ಪಿಗೆ ಎಂಬಲ್ಲಿಗೇ ಜಗಳ ಶುರುವಾಗುತ್ತದೆ. ಬಿಸಿಯೂಟದ ಮೊಟ್ಟೆಗೇ ನಾವು ಅಷ್ಟು ರಂಪ ಮಾಡಿದವರು. ಗಣತಿ, ಚುನಾವಣೆ, ಊಟದ ಲೆಕ್ಕದ ನಡುವೆ ಶಿಕ್ಷಕರಿಗೆ ಇನ್ನೊಂದು ಹೊರೆ ಬೇಕೇ ಎನ್ನುವವರ ಮಾತಿನಲ್ಲೂ ಹುರುಳಿದೆ. ಅದಕ್ಕೇ ಇದು ಕೆಲಸಕ್ಕೆ ಸೇರುವ ಮೊದಲೇ, ತರಬೇತಿಯ ಕಾಲದಲ್ಲೇ ಆಗಬೇಕು. ಪ್ರತಿ ಅಭ್ಯರ್ಥಿಯೂ ತನ್ನ ಮನೆಯ ಆಚರಣೆಗಳಲ್ಲಿ ಯಾರಿಗೆ ಒಳಗೆ ಜಾಗ, ಯಾರಿಗೆ ಹೊರಗೆ ಎಂದು ಬರೆಯಲಿ, ಬೇರೆ ಜಾತಿ ಧರ್ಮಗಳ ಸಹಪಾಠಿಗಳ ಮುಂದೆ ಅದನ್ನು ಓದಲಿ. ಬೆಳಗಾವಿಯ ಡಯಟ್ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಇದನ್ನು ಶುರು ಮಾಡುವುದಾದರೆ ಮೊದಲ ತರಗತಿಗೆ ಜೋಗತಿಯೊಬ್ಬರನ್ನು ಕರೆಯಬಹುದು. ಹಾಡಿಸಿ ಕಳಿಸಬಾರದು, ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಕೊಟ್ಟು, ಚೌಡಿಕೆ ವಾದ್ಯವನ್ನು ಪಕ್ಕಕ್ಕಿಟ್ಟು ಮಾತನಾಡಲು ಕೇಳಬೇಕು.