ಕಾಸರಗೋಡು: ಸ್ಟೇಟಸ್ ಪೆಂಡಿಂಗ್

1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗರಿಗೆ ಅರ್ಜಿ ಫಾರ್ಮುಗಳನ್ನು ಕನ್ನಡದಲ್ಲೇ ಕೊಡಬೇಕೆಂದು ಮತ್ತೊಂದು ಮನವಿ ಹೋಗಿದೆಯಂತೆ. ಪೇಪರಿನಲ್ಲಿ ಫೋಟೋ ಬಂದಿದೆ. ಕೊಡುವವರೂ ನಗುತ್ತಿದ್ದಾರೆ, ತಗೊಳ್ಳುವವರೂ ನಗುತ್ತಿದ್ದಾರೆ. ಇಷ್ಟು ಖುಷಿ ಕೊಡುವ ಕೆಲಸವನ್ನು ಯಾರಾದರೂ ಬೇಗ ಮುಗಿಸುತ್ತಾರಾ?

ಬೆಂಗಳೂರಿನಿಂದ ಬಂದ ಅಳಿಯ ನನ್ನ ಲ್ಯಾಪ್‌ಟಾಪಿಗೆ ಟಾಸ್ಕ್‌ವಾರಿಯರ್ ಎಂಬ, ಮಾಡಬೇಕಾದ ಕೆಲಸಗಳ ಲಿಸ್ಟ್ ಇಡುವ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಾನೆ. "ಮಾವ, ಇನ್ನು ಚೀಟಿಯಲ್ಲಿ ಬರೆದಿಡಬೇಡಿ" ಅಂದ. ಚಿತ್ರವಿಲ್ಲ, ಬಟನ್ ಇಲ್ಲ, ಬರೀ ಕಪ್ಪು ಪರದೆ. 'ಟಾಸ್ಕ್ ಆ್ಯಡ್' ಎಂದು ಟೈಪಿಸಿ ಕೆಲಸ ಬರೆದರೆ ಅದಕ್ಕೊಂದು ನಂಬರ್. ಮುಗಿದ ಮೇಲೆ ಆ ನಂಬರ್ ಹೇಳಿ 'ಡನ್' ಅಂದರಾಯಿತು. ಯಾವುದು ಅರ್ಜೆಂಟ್ ಎಂದು ಅದೇ ಅಂಕ ಹಾಕುತ್ತದೆ. ನೀವು ಯಾರ ಕಡೆಯವರು, ಮೇಲಿನಿಂದ ಫೋನ್ ಬಂದಿದೆಯಾ ಅಂತೆಲ್ಲ ಕೇಳುವುದಿಲ್ಲ. ಸರಕಾರಕ್ಕೆ ಆಗಿಬರುವ ಸಾಫ್ಟ್‌ವೇರ್ ಅಲ್ಲವೇ ಅಲ್ಲ.

ಒಂದು ಕಚೇರಿಯ ಕೆಲಸವನ್ನೇ ಅದಕ್ಕೆ ಸೇರಿಸಿದೆ. ಸರ್ಟಿಫಿಕೇಟ್ ಬೇಕಾದರೆ ದಾಖಲೆಯ ಮಲಯಾಳ ಅನುವಾದ ಬೇಕು. ಅನುವಾದಕ್ಕೆ ಸೀಲ್ ಬೇಕು. ಸೀಲ್ ಬೇಕಾದರೆ ಸರ್ಟಿಫಿಕೇಟ್ ತನ್ನಿ. ಒಂದು ಕೆಲಸ ಇನ್ನೊಂದಕ್ಕೆ ಕಾಯುತ್ತಿದ್ದರೆ 'ಡಿಪೆಂಡ್ಸ್' ಎಂದು ಜೋಡಿಸಬಹುದು. ಕೊನೆಯದನ್ನು ಮೊದಲನೆಯದಕ್ಕೆ ಜೋಡಿಸಲು ಹೋದೆ. ಸರ್ಕ್ಯುಲರ್ ಡಿಪೆಂಡೆನ್ಸಿಯಂತೆ, ಅದಕ್ಕೆ ಅವಕಾಶವಿಲ್ಲವಂತೆ! ಪಾಪ, ನಮ್ಮ ಕಚೇರಿಗಳನ್ನು ಅದು ನೋಡಿಲ್ಲ.

ಗಡಿ ತಗಾದೆಯ ಮಹಾಜನ ಆಯೋಗದ ವರದಿಯನ್ನು ಹಾಕಿದರೆ ಎಷ್ಟು ಅಂಕ ಬರಬಹುದು ಎಂದು ಅಳಿಯನಲ್ಲಿ ಕೇಳಿದೆ. 1967ರದ್ದು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದ ವರದಿ. ವಯಸ್ಸಿಗೆ ಜಾಸ್ತಿ ಅಂದರೆ ಎರಡು ಅಂಕ, 365 ದಿನ ಆದ ಮೇಲೆ ಅದು ಏರುವುದಿಲ್ಲ ಅಂದ. ಹೋದ ವರ್ಷ ಬರೆದಿಟ್ಟ 'ಮಾಡಿನ ಹಂಚು ಬದಲಿಸು' ಎಂಬುದಕ್ಕೂ ಅಷ್ಟೇ. ಗಡುವು ಹತ್ತಿರ ಬಂದು ದಾಟಿದರೆ ಹನ್ನೆರಡು ಅಂಕದ ತನಕ ಸಿಗುತ್ತದೆ. ವರದಿಗೆ ಗಡುವು ಹಾಕಿದವರು ಯಾರಿದ್ದಾರೆ? ಇನ್ನೊಂದು ಕಮಾಂಡ್ ಇದೆ, 'ವೇಯ್ಟ್ ಸಮ್‌ಡೇ'. ಕೊಟ್ಟರೆ ಕೆಲಸ ಲಿಸ್ಟಿನಿಂದಲೇ ಮಾಯ, 9999ನೇ ಇಸವಿಯ ಡಿಸೆಂಬರ್ 30ರ ತನಕ. ಎರಡೂ ರಾಜ್ಯಗಳಿಗೆ ಇದೊಂದು ಬಾಯಿಪಾಠ.

ಹೌದು, ಎರಡೂ. ನವೆಂಬರ್ ಬಂದರೆ ಗಡಿಯಾಚೆಯ ವೇದಿಕೆಗಳಲ್ಲಿ ಕಾಸರಗೋಡು ನಮ್ಮದೇ. ನಮ್ಮ ಮಕ್ಕಳು ಗಡಿನಾಡ ಕನ್ನಡಿಗರೆಂದು ಸಿಇಟಿ ಸೀಟು ಕೇಳಿದರೆ ಮಾತ್ರ, ಮೊದಲು ಕನ್ನಡ ಪರೀಕ್ಷೆ ಬರೆಯಿರಿ. ಇಲ್ಲಿ ಮಲಯಾಳ ಬರುವುದಿಲ್ಲ ಎಂದು ಬೈಸಿಕೊಂಡ ಹುಡುಗಿ ಅಲ್ಲಿ ಹೋಗಿ ಕನ್ನಡ ಬರುತ್ತದೆ ಎಂದು ಸಾಬೀತು ಮಾಡಬೇಕು.

ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕರ್ನಾಟಕದಲ್ಲಿ ವಿಲೀನ ಆಗಬೇಕೆಂದು ಹೋರಾಡಿ, ನೂರು ತುಂಬಿಸಿ, 2015ರಲ್ಲಿ ಹೋದರು. ವಿಲೀನದ ಮಾತು ಬಿಡಿ. ಪಿಂಚಣಿಗೆಂದು ಬಂದ ಅಜ್ಜಿಗೆ ಓದಲು ಬರುವ ಅಕ್ಷರದಲ್ಲಿ ಒಂದು ಹಾಳೆ ಕೊಡಲು ಏನು ಕಷ್ಟ? ಓದು ಬರಹ ಬಲ್ಲವರು ಅವರು. ಕನ್ನಡದಲ್ಲಿ ಚಂದಕ್ಕೆ ಸಹಿ ಹಾಕುತ್ತಾರೆ. ಅಂಥವರು ಸಾಲಿನಲ್ಲಿ ನಿಂತವರಲ್ಲೆಲ್ಲ "ಇದರಲ್ಲಿ ಎಂತ ಬರೆದಿದೆ ಮಗಾ" ಎಂದು ಕೇಳುವ ಹಾಗೆ ಮಾಡಿದ್ದೀರಿ. ನಾಚಿಕೆ ಆಗುವುದಿಲ್ವಾ? ಮನವಿ ಕೊಟ್ಟೂ ಕೊಟ್ಟೂ ಸಾಕಾಗಿದೆ.

'ಅನ್‌ಡೂ' ಎಂಬ ಕಮಾಂಡೂ ಇದೆ. ತೀರ ಈಚೆಗೆ ಮಾಡಿದ ಬದಲಾವಣೆಯನ್ನು ಹಿಂದಕ್ಕೆ ತೆಗೆಯುತ್ತದೆ. 1956ರ ತನಕ ಹೋಗುವುದಿಲ್ಲ ಮಾವ ಅಂದ ಅಳಿಯ. ನಾನು ಕೇಳಿಯೇ ಇರಲಿಲ್ಲ.