ಚಾಲಕಿಯೊಬ್ಬರದೇ ತಪ್ಪೇ?

ತಾನಾಗಿ ಓಡುವ ಕಾರುಗಳ ಕುರಿತ ನಿಮ್ಮ ಲೇಖನದಲ್ಲಿ 'ಟೆಂಪಿ ಅಪಘಾತಕ್ಕೆ ಫೋನ್ ನೋಡುತ್ತಿದ್ದ ಚಾಲಕಿಯೇ ಕಾರಣ' ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದೀರಿ. ಅದು ಅರ್ಧ ಸತ್ಯ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿ ನಗರದಲ್ಲಿ, ತಾನಾಗಿ ಓಡುತ್ತಿದ್ದ ಊಬರ್‌ನ ಪರೀಕ್ಷಾ ಕಾರು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದುವ 5.6 ಸೆಕೆಂಡ್ ಮೊದಲೇ ಸೆನ್ಸರ್‌ಗೆ ಆಕೆ ಕಂಡಿದ್ದರು. ವಾಹನವೋ, ಸೈಕಲ್ಲೋ, ಇನ್ನೇನೋ ಎಂಬ ಗೊಂದಲದಲ್ಲೇ ತಂತ್ರಾಂಶ ಹೊತ್ತು ಕಳೆಯಿತು. ಆ ವೋಲ್ವೊ ಕಾರಿನಲ್ಲಿ ಮೊದಲೇ ಇದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಊಬರ್‌ನವರು ಆಫ್ ಮಾಡಿದ್ದರು. ಕಾರಿನ ಓಟದ ಮೇಲೆ ಕಣ್ಣಿಡಲು ಮೊದಲು ಇಬ್ಬರು ಕೂರುತ್ತಿದ್ದ ಕಡೆ ಒಬ್ಬರನ್ನೇ ಉಳಿಸಿದ್ದರು. ಇದೆಲ್ಲ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ 2019ರ ತನಿಖಾ ವರದಿಯಲ್ಲೇ ಇದೆ. ಚಾಲಕಿಯ ತಪ್ಪನ್ನೂ ಅದು ಮುಚ್ಚಿಟ್ಟಿಲ್ಲ.

ಏನೂ ನಡೆಯದಿದ್ದಾಗ ಸುಮ್ಮನೆ ಕಾಯುತ್ತ ಕೂತವರ ಗಮನ ಅರ್ಧ ಗಂಟೆಯಲ್ಲೇ ಕುಸಿಯುತ್ತದೆಂದು ಮನೋವಿಜ್ಞಾನಿ ಮ್ಯಾಕ್‌ವರ್ತ್ 1948ರಲ್ಲೇ ತೋರಿಸಿದ್ದರು, ಅದೂ ರಾಡಾರ್ ಪರದೆ ಕಾಯುವವರ ಸಲುವಾಗಿ. ಕಾರು ತಾನಾಗಿ ಚೆನ್ನಾಗಿ ಓಡಿದಷ್ಟೂ ನಂಬಿಕೆ ಬೆಳೆಯುತ್ತದೆ, ಕಣ್ಣು ಬೇರೆಡೆ ಹೊರಳುತ್ತದೆ. 'ಚಾಲಕರು ಸದಾ ಎಚ್ಚರವಾಗಿರಬೇಕು' ಎಂಬ ಬುದ್ಧಿಮಾತು (ಲೇಖನದ ಪರಿಹಾರ ಅದೊಂದೇ!) ಇಲ್ಲಿ ಏನು ಮಾಡೀತು? ಚಾಲಕರನ್ನು ಚಿತ್ರೀಕರಿಸುವ ಕ್ಯಾಮೆರಾ ಆ ಕಾರಿನಲ್ಲೂ ಇತ್ತು. ಆ ದೃಶ್ಯಗಳನ್ನು ಕಂಪನಿಯವರು ತೆರೆದು ನೋಡುತ್ತಿದ್ದದ್ದೇ ಅಪರೂಪ.