ಅವ್ವನ ಕೋಣೆಯಲ್ಲೂ 16 ಡಿಗ್ರಿ

ಜನವರಿ ಮೊದಲ ವಾರ. ಎರಡನೇ ಪಾಳಿ ಮುಗಿಸಿ ಮನೆಗೆ ಬಂದಾಗ ರಾತ್ರಿ ಹನ್ನೆರಡೂವರೆ. ಬಾಗಲಕೋಟೆಯಲ್ಲಿ ಆಗ ಬೆಳಗಿನ ಆರು ಗಂಟೆ, ಅವ್ವ ಎದ್ದಿರುತ್ತಾಳೆ. ವಿಡಿಯೋ ಕಾಲ್ ಮಾಡಿದೆ. ತಲೆಗೆ ಟವೆಲ್ ಸುತ್ತಿಕೊಂಡು, ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ನಾಲ್ಕು ಮಾತಿಗೊಮ್ಮೆ ಕೆಮ್ಮು. ಹೋದ ಸಲ ಊರಿಗೆ ಹೋದಾಗ ಒಂದು ಸಣ್ಣ ಥರ್ಮಾಮೀಟರ್ ಅವಳ ಕೋಣೆಯ ಗೋಡೆಗೆ ತೂಗು ಹಾಕಿ ಬಂದಿದ್ದೆ. "ಎಷ್ಟೈತಿ ನೋಡವ್ವ" ಅಂದೆ. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದಳು.

"ಹದಿನಾರು."

ನನ್ನ ಕೋಣೆಯದು ನೋಡಿದೆ. ಅದೂ 16.

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಆ ರಾತ್ರಿ ಹೊರಗೆ ಮೈನಸ್ 2. ಹೀಟಿಂಗ್ ಬಂದ್ ಮಾಡಿ ಎರಡು ತಾಸಾಗಿತ್ತು. ಬಾಗಲಕೋಟೆಯಲ್ಲಿ ಹೊರಗೆ 11. ಹೊರಗೆ ಹದಿಮೂರು ಡಿಗ್ರಿ ಫರಕು, ಒಳಗೆ ಎರಡೂ ಒಂದೇ! ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಹಿಂದಿನಿಂದ ಅಣ್ಣನ ದನಿ ಕೇಳಿಸಿತು: "ನಮ್ಮಲ್ಲೆ ಎಂಥಾ ಥಂಡಿ ಬಿಡೋ. ಎರಡು ತಿಂಗಳು ಇರ್ತೈತಿ, ಹೋಗ್ತೈತಿ."

ಈ ಮಾತಿಗೇ ನನ್ನ ತಕರಾರು.

ನಮ್ಮೂರ ಮಂದಿ ತಯಾರಿ ಮಾಡದವರಲ್ಲ. ಬೇಸಿಗೆ ಬರುವ ತಿಂಗಳ ಮೊದಲೇ ಕೂಲರಿನ ಹುಲ್ಲು ಬದಲಾಗುತ್ತದೆ, ಹೊಸ ಮಣ್ಣಿನ ಕೊಡ ಬರುತ್ತದೆ. ಹಪ್ಪಳ, ಸಂಡಿಗೆ, ಶಾವಿಗೆ, ಖಾರಪುಡಿ ಎಲ್ಲ ಆಗುತ್ತವೆ. ಮಳೆಗೆ ಮುಂಚೆ ಕುಳ್ಳು ಒಟ್ಟುತ್ತಾರೆ, ಕಟ್ಟಿಗೆ ಒಳಗೆ ಹಾಕುತ್ತಾರೆ. ಥಂಡಿಗೆ ಮಾತ್ರ ಏನೂ ಇಲ್ಲ. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾದ ದಿನ "ಈ ಸಲ ಥಂಡಿ ಜಾಸ್ತಿ ಐತಿ" ಅನ್ನುತ್ತಾರೆ, ಬಾಟಲಿಯನ್ನು ಬಿಸಿಲಿಗೆ ಇಡುತ್ತಾರೆ. ಮುಗಿಯಿತು ತಯಾರಿ. ಮನುಷ್ಯರನ್ನು ಬಿಸಿಲಿಗೆ ಇಡುವುದು ಆಮೇಲೆ.

ನಾವು ಇಲ್ಲಿಗೆ ಬಂದಿದ್ದು 2022ರ ಸೆಪ್ಟೆಂಬರಿನಲ್ಲಿ. ಹೆಂಡತಿಗೆ ಮನೆ ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನನಗೆ ಗೋದಾಮಿನಲ್ಲಿ ಡಬ್ಬ ಎತ್ತುವ ಕೆಲಸ. ಬಂದ ಗಳಿಗೆಯೋ ಗಳಿಗೆ! ಉಕ್ರೇನ್ ಯುದ್ಧದಿಂದ ಗ್ಯಾಸಿನ ಬೆಲೆ ಮುಗಿಲಿಗೆ ಏರಿತ್ತು. ಸಾಧಾರಣ ಮನೆಯೊಂದರ ವರ್ಷದ ಗ್ಯಾಸು, ಕರೆಂಟಿನ ಬಿಲ್ಲು 2,500 ಪೌಂಡ್ ಆಸುಪಾಸಿನಲ್ಲಿ ನಿಲ್ಲುವಂತೆ ದರ ಕಟ್ಟುತ್ತೇವೆ ಅಂತ ಸರಕಾರ ಹೇಳಿತು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ತಿಂಗಳಿಗೆ 66, 67 ಪೌಂಡ್‌ನಂತೆ ಒಟ್ಟು 400 ಪೌಂಡ್ ಕೈಯಿಂದ ಹಾಕಿತು. ಅಷ್ಟಾದರೂ ಕರೆಂಟು ಯುನಿಟ್ಟಿಗೆ ಹೆಚ್ಚು ಕಡಿಮೆ 34 ಪೆನ್ಸ್. ನಮ್ಮದು ಮೊಬೈಲಿನಂತೆ ಮೊದಲೇ ದುಡ್ಡು ತುಂಬಿಸುವ ಮೀಟರ್. ಎರಡು ಕಿಲೋವ್ಯಾಟಿನ ಹೀಟರ್ ಒಂದು ತಾಸು ಹಚ್ಚಿದರೆ 68 ಪೆನ್ಸ್ ಕರಗುವುದು ಕಣ್ಣೆದುರಿಗೇ ಕಾಣುತ್ತಿತ್ತು. ಹೆಂಡತಿ ಆ ಮೀಟರನ್ನು ನೋಡುತ್ತಿದ್ದ ರೀತಿಯಲ್ಲಿ ಟಿವಿಯನ್ನೂ ಯಾರೂ ನೋಡುವುದಿಲ್ಲ.

ಮನೆ ಅಂದರೆ ನೂರು ವರ್ಷದ ಹಳೆಯ ಇಟ್ಟಿಗೆಯ ಸಾಲುಮನೆ. ಕಿಟಕಿಯ ಚೌಕಟ್ಟು ಸೊಟ್ಟ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ಪಕ್ಕದ ಮನೆಯ ಅಜ್ಜಿ ಬರಲಿಲ್ಲ ಅಂದಿದ್ದರೆ ನಾವು ಆ ವರ್ಷ ಹೀಟರಿಗೇ ಸಂಬಳ ಸುರಿಯುತ್ತಿದ್ದೆವು. ಅವರು ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಅಕ್ಟೋಬರಿನಲ್ಲೇ ಬಾಗಿಲು ತಟ್ಟಿ, "ಗಡಿಯಾರ ಹಿಂದೆ ಇಡುವ ಭಾನುವಾರದೊಳಗೆ ಸಂದು ಮುಚ್ಚಿಬಿಡು" ಅಂದರು. ಇಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದೆ ಇಡುತ್ತಾರೆ. ಅಜ್ಜಿಯ ಲೆಕ್ಕದಲ್ಲಿ ಅದೇ ಗಡುವು.

ಸಂದು ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ? ಮೇಣದಬತ್ತಿ ಹಿಡಿದು ನೋಡು ಅಂದರು. ನಮ್ಮ ಮನೆಯಲ್ಲಿ ಮೇಣದಬತ್ತಿ ಇರಲಿಲ್ಲ, ಊದಿನಕಡ್ಡಿ ಇತ್ತು. ಕಿಟಕಿಯ ಅಂಚಿನಗುಂಟ, ಬಾಗಿಲ ಅಂಚಿನಗುಂಟ ಹಿಡಿದುಕೊಂಡು ಹೋದೆ, ಆರತಿ ಬೆಳಗಿದ ಹಾಗೆ. ಹೊಗೆ ನೆಟ್ಟಗೆ ಏರಿದರೆ ಸರಿ, ಒಳಗೆ ಬಾಗಿದರೆ ಅಲ್ಲಿ ಗಾಳಿ. ಅಂಥ ಹನ್ನೊಂದು ಜಾಗ ಸಿಕ್ಕವು. ಸ್ಪಂಜಿನ ಪಟ್ಟಿ ಅಂಟಿಸಿದೆ. ಬಾಗಿಲ ಕೆಳಗಿನದಕ್ಕೆ ನನ್ನ ಹರಿದ ಜೀನ್ಸಿನ ಒಂದು ಕಾಲು ಕತ್ತರಿಸಿ, ಚಿಂದಿ ತುಂಬಿ, ಎರಡೂ ತುದಿ ಹೊಲಿದು ಹಾವಿನ ಹಾಗೆ ಮಲಗಿಸಿದೆ. ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿನ ಹಿಂದೆ, ಹೊರಗೋಡೆಯ ಕಡೆಗೆ, ಬಿಸಿ ತಿರುಗಿ ಒಳಗೆ ಬರಲಿ ಅಂತ ಬೆಳ್ಳಿ ಬಣ್ಣದ ಹಾಳೆ ಹಚ್ಚಿದೆ. ಹಳೆ ಸಾಮಾನಿನ ಅಂಗಡಿಯಿಂದ ದಪ್ಪ ಪರದೆ ತಂದೆವು, ಸಂಜೆ ನಾಲ್ಕಕ್ಕೆ ಬೆಳಕು ಹೋದ ಕೂಡಲೇ ಎಳೆದುಬಿಡುವುದು. ಬಿಸಿನೀರಿನ ರಬ್ಬರ್ ಚೀಲ ಎರಡು. ಬಾಯ್ಲರಿನಿಂದ ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು 75ರಿಂದ 60ಕ್ಕೆ ಇಳಿಸಿದೆವು. ಕೋಣೆ ಬೆಚ್ಚಗಾಗಲು ಸ್ವಲ್ಪ ಹೊತ್ತು ಜಾಸ್ತಿ ಹಿಡಿಯಿತು, ಆದರೆ ಗ್ಯಾಸು ಉಳಿಯಿತು. ಎಲ್ಲ ಸೇರಿ ಖರ್ಚು 30 ಪೌಂಡ್. ನಮ್ಮ ದುಡ್ಡಿನಲ್ಲಿ ಆಗ ಮೂರು ಸಾವಿರ ರೂಪಾಯಿಗೂ ಒಳಗೇ.

ಅಜ್ಜಿ ಹೇಳಿದ್ದರಲ್ಲಿ ಒಂದನ್ನು ನಾವು ತಪ್ಪಿಸಿದೆವು. ಒದ್ದೆ ಬಟ್ಟೆಯನ್ನು ಒಳಗೇ ಒಣಗಿಸಿ, ಕಿಟಕಿ ತೆಗೆಯದೇ ಕೂತೆವು. ಫೆಬ್ರವರಿ ಹೊತ್ತಿಗೆ ಮಂಚದ ಹಿಂದಿನ ಗೋಡೆಗೆ ಕಪ್ಪು ಬೂಸಲು ಬಂತು. ದಿನಕ್ಕೆ ಹತ್ತು ನಿಮಿಷ ಕಿಟಕಿ ತೆಗೆಯಲೇಬೇಕು, ಎಷ್ಟೇ ಚಳಿ ಇರಲಿ.

ಈಗ ಊರಿನ ಮನೆಗೆ ಬರುತ್ತೇನೆ. ನಮ್ಮದು ಹಳೇ ಬಾಗಲಕೋಟೆಯಲ್ಲಿ ಮಾಳಿಗೆ ಮನೆ ಇತ್ತು. ಎರಡು ಫೂಟಿನ ಮಣ್ಣಿನ ಗೋಡೆ, ಮೇಲೆ ಕಟ್ಟಿಗೆಯ ತೊಲೆ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಬೆಳಕಿಂಡಿ ಒಂದು, ಕಿಟಕಿಗಳು ಸಣ್ಣವು. ಬೇಸಿಗೆಯಲ್ಲಿ ತಂಪು, ಥಂಡಿಯಲ್ಲಿ ಬೆಚ್ಚಗೆ. ಆಲಮಟ್ಟಿಯ ಹಿನ್ನೀರು ಬಂದಾಗ ಅದು ಹೋಯಿತು. ಎಲ್ಲರಂತೆ ನಾವೂ ನವನಗರಕ್ಕೆ ಬಂದೆವು. ಆರ್‌ಸಿಸಿ ಮನೆ ಕಟ್ಟಿದೆವು. ಫಳಫಳ ಹೊಳೆಯುವ ಟೈಲ್ಸು, ದೊಡ್ಡ ದೊಡ್ಡ ಕಿಟಕಿ, ಪ್ರತಿ ಕೋಣೆಗೂ ಮೇಲೆ ವೆಂಟಿಲೇಟರು. ಅದಕ್ಕೆ ಮುಚ್ಚುವ ಬಾಗಿಲೇ ಇಲ್ಲ.

ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಆಕಾಶದಲ್ಲಿ ಮೋಡ ಇರುವುದಿಲ್ಲ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಹಗಲು ಕುಡಿದ ಬಿಸಿಯನ್ನೆಲ್ಲ ನೆಲ, ಸ್ಲ್ಯಾಬು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತವೆ. ಮಧ್ಯಾಹ್ನ 29, 30 ಇದ್ದ ಊರು ಬೆಳಗಿನ ಜಾವಕ್ಕೆ ನಡುಗುವುದು ಅದಕ್ಕೇ. ವಿಜಯಪುರದಲ್ಲಂತೂ ಕೆಲವು ರಾತ್ರಿ 10ಕ್ಕಿಂತ ಕೆಳಗೆ ಹೋಗುತ್ತದೆ. ಆ ಹೊತ್ತಿಗೆ ವೆಂಟಿಲೇಟರಿನಿಂದ ಗಾಳಿ ಇಳಿಯುತ್ತದೆ, ಟೈಲ್ಸು ಕಾಲು ಕಚ್ಚುತ್ತದೆ. ಅಲ್ಲೇ ನಮ್ಮ ಅವ್ವ ಬರಿಗಾಲಲ್ಲಿ ಎದ್ದು ಕಸ ಹೊಡೆಯುತ್ತಾಳೆ. ವಯಸ್ಸು ಎಪ್ಪತ್ತೆರಡು, ಬಿಪಿ ಇದೆ. ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ. ವಯಸ್ಸಾದವರಿರುವ ಕೋಣೆ ಕನಿಷ್ಠ 18 ಇರಲಿ ಅಂತ ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ನನ್ನದು 16 ಇದ್ದರೆ ನಡೆದೀತು. ಅವಳದು?

ಗೃಹಪ್ರವೇಶಕ್ಕೆ ಅಣ್ಣ ಮಾಡಿದ ಖರ್ಚು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಜಗಳವಾಗುತ್ತದೆ. ಅದರಲ್ಲಿ ಒಂದು ಊಟದ ಪಂಕ್ತಿಯ ದುಡ್ಡು ಸಾಕಿತ್ತು, ಅವ್ವನ ಕೋಣೆಯ ವೆಂಟಿಲೇಟರಿಗೆ ಬಾಗಿಲು ಕೂರಿಸಿ, ಮಂಚದ ಬುಡಕ್ಕೆ ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಲು. "ಎರಡು ತಿಂಗಳ ಥಂಡಿಗೆ ಯಾರು ಮಾಡ್ತಾರೋ" ಅಂತಾನೆ. ಬೇಸಿಗೆಗೆ ಏಸಿ ಬಂದಿದೆ. ಅದೂ ಎರಡೂವರೆ ತಿಂಗಳದ್ದೇ ಅಲ್ವಾ?

ವೈನಿಯದು, ಅಂದರೆ ಅಣ್ಣನ ಹೆಂಡತಿಯದು, ಬೇರೆ ಉಪಾಯ. ಸಿಗಡಿ ಒಲೆಯಲ್ಲಿ ಇದ್ದಿಲು ಹಾಕಿ ಕೋಣೆಯಲ್ಲಿ ಇಡೋಣ ಅಂದರು. ಬೇಡವೇ ಬೇಡ ಅಂತ ಕೂಗಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಅಡುಗೆಮನೆಯ ವೆಂಟಿಲೇಟರನ್ನೂ ಮುಟ್ಟಬೇಡಿ ಅಂದೆ, ಅಲ್ಲಿ ಗ್ಯಾಸ್ ಒಲೆ ಇದೆ. ಮುಚ್ಚುವುದು ಮಲಗುವ ಕೋಣೆಯದು, ಅದೂ ಅರ್ಧ, ಅದೂ ರಾತ್ರಿ ಮಾತ್ರ.

ಕೊನೆಗೆ ಅಣ್ಣ ಮನಸ್ಸಿಲ್ಲದ ಮನಸ್ಸಿನಿಂದ ಒಂದು ರಟ್ಟು ಕತ್ತರಿಸಿ ಅವ್ವನ ವೆಂಟಿಲೇಟರಿನ ಅರ್ಧಕ್ಕೆ ಕಟ್ಟಿದ. ಮರುದಿನ 18 ತೋರಿಸಿತು. ಗೆದ್ದೆ ಅಂದುಕೊಂಡೆ. ಮೂರನೇ ದಿನ ಮತ್ತೆ 16. ಯಾಕೆ ಅಂದರೆ, ರಟ್ಟು ಬಿಚ್ಚಿಸಿದ್ದು ಅವ್ವನೇ. "ಗುಬ್ಬಿ ಗೂಡು ಕಟ್ಟ್ಯಾವ ಅಲ್ಲಿ. ಅವೆಲ್ಲಿ ಹೋಗಬೇಕು?" ಇದಕ್ಕೆ ಏನು ಹೇಳುವುದು.

ಇಷ್ಟು ಬೈದ ಮೇಲೆ ಒಂದನ್ನು ಒಪ್ಪಿಕೊಳ್ಳಬೇಕು. ಬೇಡವಾಗಿತ್ತು, ಆದರೆ ಹೆಂಡತಿ ಇದನ್ನು ಓದುತ್ತಾಳೆ.

ಇಲ್ಲಿಗೆ ಹೊರಡುವಾಗ ಅವ್ವ ಒಂದು ಕೌದಿ ಕಟ್ಟಿಕೊಟ್ಟಿದ್ದಳು. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಅಂಗಿ ಎಲ್ಲ ಪದರ ಪದರ ಸೇರಿಸಿ ಕೈಯಲ್ಲೇ ಹೊಲಿದದ್ದು. ತೂಕ ಮೂರು ಕೆಜಿ. ವಿಮಾನದಲ್ಲಿ 23 ಕೆಜಿಯ ಲೆಕ್ಕ. ಕೌದಿ ಬೇಡ, ಆ ಜಾಗದಲ್ಲಿ ಜೋಳದ ಹಿಟ್ಟು ಒಯ್ಯುತ್ತೇನೆ ಅಂತ ಜಗಳ ಮಾಡಿದ್ದೆ. ಅವ್ವ ಕೇಳಲಿಲ್ಲ. ಮೊದಲ ಡಿಸೆಂಬರಿನಲ್ಲಿ ಮೀಟರಿನಲ್ಲಿ ದುಡ್ಡು ಮುಗಿದ ರಾತ್ರಿ ನಮ್ಮನ್ನು ಕಾಪಾಡಿದ್ದು ಅದೇ. ಪದರಗಳ ಮಧ್ಯೆ ಗಾಳಿ ನಿಲ್ಲುತ್ತದೆ, ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ನನ್ನ ಜೀನ್ಸಿನ ಹಾವಿನ ಕಸುಬೂ ಅದೇ, ಅಜ್ಜಿಯ ಪರದೆಯ ಕಸುಬೂ ಅದೇ. ಆಗ ಹೊಳೆಯಿತು: ಕೌದಿ ಹೊಲಿಯುತ್ತಿದ್ದದ್ದು ಏಪ್ರಿಲ್, ಮೇನಲ್ಲಿ. ಮಧ್ಯಾಹ್ನ ಓಣಿಯ ನಾಲ್ಕು ಹೆಂಗಸರು ಸೇರಿ, ನೆಲಕ್ಕೆ ಸೀರೆ ಹರವಿ ಹೊಲಿಯುತ್ತಿದ್ದರು. ಥಂಡಿಗೆ ತಯಾರಿ ನಡೆಯುತ್ತಿತ್ತು, ಅದೂ ಆರು ತಿಂಗಳ ಮೊದಲು, ಒಂದು ಪೈಸೆ ಖರ್ಚಿಲ್ಲದೆ. ಅದನ್ನು ತಯಾರಿ ಅಂತ ಯಾರೂ ಕರೆಯಲಿಲ್ಲ ಅಷ್ಟೇ. ಈಗ ವೈನಿ ಸೊಲ್ಲಾಪುರ ಚಾದರ ತರುತ್ತಾರೆ. ಚೆನ್ನಾಗಿರುತ್ತದೆ, ಆದರೆ ಅದು ಒಂದೇ ಪದರ.

ಇನ್ನೊಂದೂ ಇದೆ. ಅದೇ 2022ರ ಚಳಿಗಾಲದಲ್ಲಿ ಇಲ್ಲಿನ ಲೈಬ್ರರಿಗಳಲ್ಲಿ, ಚರ್ಚುಗಳಲ್ಲಿ ಬೆಚ್ಚಗೆ ಕೂರಲು ಜಾಗ ಮಾಡಿ, ಬೋರ್ಡ್ ಹಾಕಿ ಕರೆದರು. ಒಳ್ಳೆಯ ಕೆಲಸವೇ. ನಮ್ಮ ಪಕ್ಕದ ಮನೆಯ ಅಜ್ಜಿ ಒಂದು ದಿನವೂ ಹೋಗಲಿಲ್ಲ. ಮನೆಯ ನಾಲ್ಕು ಕೋಣೆಯಲ್ಲಿ ಮೂರನ್ನು ಮುಚ್ಚಿ, ಒಂದನ್ನೇ ಕಾಯಿಸಿಕೊಂಡು, ಒಬ್ಬರೇ ಕೂತಿರುತ್ತಿದ್ದರು. ಸಂದು ಮುಚ್ಚುವುದರಲ್ಲಿ ಅವರಷ್ಟು ಜಾಣರನ್ನು ನಾನು ನೋಡಿಲ್ಲ. ಮಗ ಕ್ರಿಸ್‌ಮಸ್ಸಿಗೆ ಬರುತ್ತಾನೆ, ಸಂಜೆಗೆ ಹೋಗುತ್ತಾನೆ. ಹೆಂಡತಿ ಕೆಲಸಕ್ಕೆ ಹೋಗುವ ಮನೆಗಳಲ್ಲೂ ಇದೇ ಕಥೆ ಜಾಸ್ತಿ. ನವನಗರದಲ್ಲಿ ಬೆಳಗಿನ ಆರಕ್ಕೆ ಮನೆ ಮುಂದೆ ತೊಗರಿ ಕಟ್ಟಿಗೆ, ಕಬ್ಬಿನ ರವದಿ ಹಾಕಿ ಬೆಂಕಿ ಹಚ್ಚುತ್ತಾರೆ. ಹಾಲಿನವನು ನಿಲ್ಲುತ್ತಾನೆ, ಪೇಪರಿನ ಹುಡುಗ ನಿಲ್ಲುತ್ತಾನೆ, ಅವ್ವ ಕೆಮ್ಮುತ್ತಲೇ ಹೋಗಿ ಕೂರುತ್ತಾಳೆ. ಹೊಗೆ ಅವಳ ಎದೆಗೆ ಒಳ್ಳೆಯದಲ್ಲ ಅಂತ ನಾನು ಇಲ್ಲಿಂದ ಹೇಳುತ್ತೇನೆ. ಹೇಳಿ, ಆ ಬೆಂಕಿಯನ್ನು ಇನ್ನೊಂದು ಸಲ ತೋರಿಸು ಅಂತಲೂ ಹೇಳುತ್ತೇನೆ.

ಆದರೂ ವೆಂಟಿಲೇಟರಿನ ಮಾತು ನಾನು ಬಿಟ್ಟಿಲ್ಲ. ಗುಬ್ಬಿಗೆ ಆಚೆ ಕಡೆ ಒಂದು ಮರದ ಡಬ್ಬ ಕಟ್ಟಿಸು ಅಂತ ಅಣ್ಣನಿಗೆ ಹೇಳಿದ್ದೇನೆ. ಬಾಗಿಲ ಸಂದಿಗೆ ಹಾವು ನಾನೇ ಹೊಲಿದು ತರುತ್ತೇನೆ ಅಂದೆ. ನಿನ್ನೆ ಅವ್ವ ತಾನೇ ಫೋನು ಮಾಡಿದಳು. ಟೇಪು ಹಿಡಿದು ಅಳತೆ ಮಾಡಿದ್ದಾಳಂತೆ.

"ತಮ್ಮಾ, ನಮ್ಮ ಬಾಗಲಾ ಮೂರೂವರಿ ಫೂಟು ಐತಿ. ನಿನ್ನ ಪ್ಯಾಂಟಿನ ಒಂದು ಕಾಲು ಸಾಲೂದಿಲ್ಲ. ಎರಡೂ ಕಾಲು ಕೂಡಿಸಿ ಹೊಲಿ. ಹೊಲಿಗಿ ಬಿಚ್ಚಿದ್ರ ನಾ ಹಾಕ್ತೀನಿ, ಸುಮ್ನ ತಗೊಂಡು ಬಾ."